ಕದ್ದಿದ್ದು ನಾನಲ್ಲ, ಬಳಸಿದ್ದಷ್ಟೇ

"ಕಾರ್ಡ್ ದಾರಿಯಲ್ಲಿ ಬಿದ್ದಿತ್ತು, ನಾನೇನು ಕದ್ದಿಲ್ಲವಲ್ಲ." ಈ ಮಾತನ್ನು ತುಂಬಾ ಜನ ಮನಸಾರೆ ನಂಬಿದ್ದಾರೆ, ಅದರಲ್ಲೂ ಆಗಷ್ಟೇ ಕಾಲೇಜು ಮುಗಿಸಿದ ವಯಸ್ಸಿನವರು. ಆ ನಂಬಿಕೆ ಅವರ ಬದುಕನ್ನೇ ಹಾಳು ಮಾಡಬಲ್ಲದು, ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ. ಕ್ರೆಡಿಟ್ ಕಾರ್ಡ್ ಕದಿಯುವುದು ಒಂದು ಅಪರಾಧ. ಬೇರೆಯವರ ಕಾರ್ಡ್ ಬಳಸುವುದು ಇನ್ನೊಂದು. ಕದಿಯದೇ ಇದ್ದವನೂ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾನೆ.

ಭಾರತದ ಕಾನೂನನ್ನೇ ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳ್ಳತನಕ್ಕೆ ಮೊದಲ ಸಲವಾದರೆ 3 ವರ್ಷದವರೆಗೆ ಜೈಲು. ಆದರೆ ವಂಚಿಸಿ ಸಾಮಾನು ಪಡೆದರೆ ಕಲಂ 318ರ ಕೆಳಗೆ 7 ವರ್ಷದವರೆಗೆ. ಕಾರ್ಡ್ ಉಜ್ಜಿದಾಗ 'ಇದು ನನ್ನದು' ಅಂತ ಅಂಗಡಿಯವನನ್ನು ನಂಬಿಸುತ್ತೀರಲ್ಲ, ವಂಚನೆ ಇರುವುದೇ ಅಲ್ಲಿ. ಬಾಯಿಬಿಟ್ಟು ಸುಳ್ಳು ಹೇಳಬೇಕಾಗಿಲ್ಲ. ಕಾರ್ಡ್ ಕೈಯಲ್ಲಿಲ್ಲದೆ ಬರೀ ನಂಬರ್, ಪಾಸ್‌ವರ್ಡ್ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಕೊಂಡರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಂಗಳೂ ಸೇರಿಕೊಳ್ಳಬಹುದು. ಅವುಗಳಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

'ಸಣ್ಣ ಮೊತ್ತ, ಯಾರು ಕೇಳ್ತಾರೆ' ಅನ್ನುವುದು ಇನ್ನೊಂದು ಭ್ರಮೆ. ಅಮೆರಿಕದ ಫೆಡರಲ್, ಅಂದರೆ ಕೇಂದ್ರದ, ಕಾನೂನಿನಲ್ಲಿ ಒಂದು ವರ್ಷದೊಳಗೆ ಮಾಡಿದ ಖರೀದಿಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕುತ್ತಾರೆ, ಒಟ್ಟು 1,000 ಡಾಲರ್ ಮುಟ್ಟಿದರೆ 10 ವರ್ಷದವರೆಗೆ ಶಿಕ್ಷೆ ಆಗಬಹುದು. ಅದಕ್ಕಿಂತ ಕಡಿಮೆಯಾದರೆ ಬಿಟ್ಟುಬಿಡುತ್ತಾರೆ ಅಂತಲ್ಲ, ಅಲ್ಲಿನ ರಾಜ್ಯಗಳಿಗೆ ಅವುಗಳದೇ ಕಾನೂನಿದೆ. ಬ್ರಿಟನ್ನಿನ 2006ರ ವಂಚನೆ ಕಾಯ್ದೆಯಂತೂ ಇನ್ನೂ ಖಡಕ್. ಲಾಭ ಮಾಡಿಕೊಳ್ಳಬೇಕು ಅಂತ ಸುಳ್ಳು ತೋರಿಸಿದರೆ ಸಾಕು, ಲಾಭ ಕೈಗೆ ಬಂದಿರಲೇಬೇಕು ಅಂತಿಲ್ಲ. ಅಂದರೆ ಕಾರ್ಡ್ ಡಿಕ್ಲೈನ್ ಆದರೂ ಅಪರಾಧ ಆಗಿಹೋಯಿತು. ಎದುರಿಗೆ ಮನುಷ್ಯನಿಲ್ಲದೆ ಬರೀ ಯಂತ್ರ ಇದ್ದರೂ ಅಷ್ಟೇ. ಗರಿಷ್ಠ ಶಿಕ್ಷೆ 10 ವರ್ಷ.

ಗೆಳೆಯ ಕದ್ದ ಕಾರ್ಡಿನಲ್ಲಿ ಫೋನ್ ತರಿಸುತ್ತಾನೆ, 'ನಿನ್ನ ವಿಳಾಸ ಕೊಡು, ನಿನಗೂ ಸ್ವಲ್ಪ ದುಡ್ಡು ಕೊಡ್ತೀನಿ' ಅನ್ನುತ್ತಾನೆ. ನನಗೆ ಜಾಸ್ತಿ ಸಂಕಟವಾಗುವುದು ಹೀಗೆ ವಿಳಾಸ ಕೊಡುವವರ ಬಗ್ಗೆ. ಯಾಕೆಂದರೆ ಪೊಲೀಸರು ಮೊದಲು ಬಂದು ನಿಲ್ಲುವುದು ಆ ವಿಳಾಸದ ಬಾಗಿಲಿಗೆ. ಕದ್ದ ಅಥವಾ ವಂಚಿಸಿ ಪಡೆದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡರೆ ಅದೇ ಬೇರೆ ಅಪರಾಧ. 'ಗೊತ್ತಿರಲಿಲ್ಲ' ಅನ್ನುವ ಮಾತು ಕೂಡ ಸುಲಭಕ್ಕೆ ನಿಲ್ಲುವುದಿಲ್ಲ, ಅನುಮಾನ ಪಡಲು ಸಾಕಷ್ಟು ಕಾರಣ ಇತ್ತೇ ಅಂತ ಕೋರ್ಟ್ ನೋಡುತ್ತದೆ.

ಇನ್ನು 'ಬ್ಯಾಂಕ್ ವಾಪಸ್ ಕೊಡುತ್ತೆ, ಯಾರಿಗೂ ನಷ್ಟ ಇಲ್ಲ' ಅನ್ನುವ ಸಮಾಧಾನ. ಕಾರ್ಡಿನ ಒಡೆಯನಿಗೆ ಹಣ ಮರಳಿ ಬಂದರೆ ಆ ಹೊರೆ ಬ್ಯಾಂಕಿನ ಮೇಲೋ ಅಂಗಡಿಯ ಮೇಲೋ ಬೀಳುತ್ತದೆ. ಆನ್‌ಲೈನ್ ಖರೀದಿಯಲ್ಲಿ ಎಷ್ಟೋ ಸಲ ಸಣ್ಣ ವ್ಯಾಪಾರಿಗೆ ಸಾಮಾನೂ ಹೋಯಿತು, ದುಡ್ಡೂ ಹೋಯಿತು. ಇದು ನಷ್ಟ ಅಲ್ವಾ? ಹಣ ವಾಪಸ್ ಕಟ್ಟಿದರೂ ಅಷ್ಟಕ್ಕೇ ಕೇಸ್ ಮಾಯ ಆಗುವುದಿಲ್ಲ, ಶಿಕ್ಷೆ ನಿರ್ಧರಿಸುವಾಗ ಕೋರ್ಟ್ ಅದನ್ನು ಗಮನಿಸಬಹುದು ಅಷ್ಟೇ. ಜೈಲಿನಾಚೆಗೂ ಪರಿಣಾಮ ಇದೆ. ಕೆಲಸಕ್ಕೆ ಸೇರುವಾಗ ಹಿನ್ನೆಲೆ ಪರಿಶೀಲಿಸುತ್ತಾರೆ, ವೀಸಾ ಅರ್ಜಿಯಲ್ಲಿ ಹಿಂದಿನ ಬಂಧನ, ಶಿಕ್ಷೆಗಳ ಬಗ್ಗೆ ಕೇಳುತ್ತಾರೆ.

ಕಾರ್ಡ್ ಸಿಕ್ಕಿದರೆ ಅದರ ಹಿಂಬದಿಯಲ್ಲಿರುವ ನಂಬರಿಗೆ ಫೋನ್ ಮಾಡಿ, ಇಲ್ಲವೇ ಪೊಲೀಸ್ ಠಾಣೆಗೆ ಕೊಡಿ. 'ಕೆಲಸ ಮಾಡುತ್ತಾ' ಅಂತ ಸುಮ್ನೆ ಒಂದು ಸಲ ಉಜ್ಜಿ ನೋಡಲೂ ಹೋಗಬೇಡಿ. ಈಗಾಗಲೇ ಬಳಸಿಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ, ಮನೆಯ ಹಿರಿಯರಿಗೆ ಹೇಳಿ, ಬೇಗ ವಕೀಲರನ್ನು ನೋಡಿ. ಹೆದರಿ ಮೆಸೇಜ್, ಬಿಲ್‌ಗಳನ್ನು ಅಳಿಸಬೇಡಿ. ಸಾಕ್ಷ್ಯ ನಾಶ ಅಂತ ಅದಕ್ಕೂ ಪ್ರತ್ಯೇಕ ಕಲಂ ಇದೆ.