ಕೂಸಿನ ಪುಸ್ತಕದ ಬಿಳಿ ಪುಟ

24 ಏಪ್ರಿಲ್ 2025, ಗುರುವಾರ
ಕಲಬುರಗಿ, ರಾತ್ರಿ 10:40

ಮೊದಲು ಕೆಲಸದ ಮಾತು. ನನ್ನ ಹತ್ತಿರ ಕೂಸಿನ ಪುಸ್ತಕ, ಅಂದರೆ ಕೂಸಿನ ಫೋಟೋ, ತೂಕ, ಪಾದದ ಗುರುತು ಕೂಡಿಡಲು ನಾನು ಕೈಯಿಂದ ಮಾಡುವ ನೆನಪಿನ ಪುಸ್ತಕ, ಮಾಡಿಸಿಕೊಂಡವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈಗಲೇ ಎದ್ದು ಹೋಗಿ ಪುಸ್ತಕ ತೆಗೆಯಿರಿ. ಎರಡನೇ ಪುಟ. ಹೊಟ್ಟೆಯೊಳಗಿನ ಕೂಸಿನ ಸ್ಕ್ಯಾನಿಂಗ್ ಫೋಟೋ ಇನ್ನೂ ಕಾಣುತ್ತಿದ್ದರೆ ಮೊಬೈಲಿನಲ್ಲಿ ಅದನ್ನು ಹಿಡಿದಿಟ್ಟುಕೊಳ್ಳಿ. ಆಮೇಲೆ ಅದರ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದು ಬಿಸಾಕಿ. ಯಾಕೆ ಅಂತ ಕೆಳಗೆ ಬರೆಯುತ್ತೇನೆ. ಮೊದಲು ಫೋಟೋ.

ಮಧ್ಯಾಹ್ನ ಎರಡು ಗಂಟೆ ಇರಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸುಗಳು ಒಂದೂವರೆಗೇ ಮುಗಿಯುತ್ತವಲ್ಲ, ಇವರು ಬಂದು ಉಂಡು ಫ್ಯಾನಿನ ಕೆಳಗೆ ಮಲಗಿದ್ದರು. ನಾನು ನೆಲದ ಮೇಲೆ ಕುಳಿತು ಬಸವ ಜಯಂತಿಯ ಹೂ ಮಾಡುತ್ತಿದ್ದೆ. 30ಕ್ಕೆ ನಮ್ಮ ಓಣಿಯಲ್ಲಿ ಬಸವಣ್ಣನ ತೊಟ್ಟಿಲು ತೂಗುತ್ತಾರೆ, ಅದಕ್ಕೆ ಅರವತ್ತು ಕಾಗದದ ಹೂ ಕೇಳಿದ್ದಾರೆ. ಕೈ ಬೆವರಿಗೆ ಕ್ರೇಪ್ ಕಾಗದದ ಬಣ್ಣ ಬಿಟ್ಟು ಬೆರಳೆಲ್ಲ ಕೆಂಪಾಗಿತ್ತು. ಆಗ ಬಾಗಿಲು ಬಡಿದ ಸದ್ದು.

ಶಹಾಬಜಾರದ ಹುಡುಗಿ. ಹುಡುಗಿ ಅಂತ ನಾನೇ ಅನ್ನುವುದು, ಅವಳಿಗೀಗ ನಾಲ್ಕು ವರ್ಷದ ಮಗಳಿದ್ದಾಳೆ. ಆ ಮಗಳನ್ನೂ ಕರೆದುಕೊಂಡು ಉರಿಬಿಸಿಲಲ್ಲಿ ಆಟೋ ಹಿಡಿದು ಬಂದಿದ್ದಳು. ಒಂದು ತಂಬಿಗೆ ನೀರು ಕುಡಿದ ಮೇಲೆ ಹೇಳಿದಳು, "ಅಕ್ಕಾ, ಇನ್ನೊಂದು ಪುಸ್ತಕ ಮಾಡಿ ಕೊಡ್ರಿ. ನನಗೀಗ ಐದು ತಿಂಗಳ್ ನಡದಾವ."

ನನಗೆ ಎಷ್ಟು ಖುಷಿಯಾಯಿತು ಅಂದರೆ, ಎದ್ದು ಅವಳ ಕೈ ಹಿಡಿದುಕೊಂಡೆ. ಅವಳ ಕೈಗೂ ಕೆಂಪು ಹತ್ತಿತು. ಒಮ್ಮೆ ಪುಸ್ತಕ ತೆಗೆದುಕೊಂಡವರು ಎರಡನೇ ಕೂಸಿಗೂ ಬರುತ್ತಾರೆ ಅಂದರೆ ಅದಕ್ಕಿಂತ ದೊಡ್ಡ ಮಾತು ನನಗಿಲ್ಲ.

ಅವಳು ಚೀಲದಿಂದ ಹಳೆಯ ಪುಸ್ತಕ ತೆಗೆದಳು. "ಇದರ ಹಂಗೇ ಇರಲಿ, ಜೋಡಿ ಆಗ್ತದ" ಅಂದಳು.

ನಾನು ಮಾಡಿದ್ದನ್ನು ನಾಲ್ಕು ವರ್ಷದ ಮೇಲೆ ಕೈಯಲ್ಲಿ ಹಿಡಿಯುವುದು ಒಂಥರಾ. ಮೇಲಿನ ರಟ್ಟಿನ ಮೇಲೆ ಐದು ಮಿಲಿಮೀಟರ್ ಅಗಲದ ಕಾಗದದ ಪಟ್ಟಿ ಸುತ್ತಿ ಕೂರಿಸಿದ ಹೆಸರಿನ ಮೂರಕ್ಷರ ಹಾಗೇ ಇದ್ದವು, ಒಂದು ಸುರುಳಿಯೂ ಬಿಚ್ಚಿರಲಿಲ್ಲ. ಅಂಚಿನ ಗಿಳಿಗಳ ಹಸಿರು ಸ್ವಲ್ಪ ಮಂಕಾಗಿತ್ತು, ಅಷ್ಟೇ. ಹೊಲಿಗೆ ಗಟ್ಟಿ. ಮೊದಲ ಪುಟದಲ್ಲಿ ಹುಟ್ಟಿದ ವಾರ, ಹೊತ್ತು, ತೂಕ: 2 ಕಿಲೋ 850 ಗ್ರಾಂ.

ಎರಡನೇ ಪುಟ ತಿರುವಿದೆ. ಬಿಳಿ.

ಮೊದಲು ನನಗೆ ತಿಳಿಯಲೇ ಇಲ್ಲ. ಫೋಟೋ ಕಿತ್ತುಕೊಂಡು ಹೋಗಿದೆ ಅಂದುಕೊಂಡೆ. ಇಲ್ಲ, ಕಾಗದ ಅಲ್ಲೇ ಇದೆ. ನಾನು ಹಾಕಿದ ನಾಲ್ಕು ಮೂಲೆಗಳು ಅದನ್ನು ಹಿಡಿದುಕೊಂಡೇ ಇವೆ. ಮೇಲೆ ಪ್ಲಾಸ್ಟಿಕ್ ಕವರ್ ಕೂಡ ಹಾಗೇ ಇದೆ. ಚಿತ್ರ ಮಾತ್ರ ಇಲ್ಲ. ಹಳದಿ ಮಿಶ್ರ ಬಿಳಿ ಕಾಗದ, ಒಂದು ಮೂಲೆಯಲ್ಲಿ ಬೂದಿಯ ಹಾಗೆ ಏನೋ ನೆರಳು.

"ಅದೊಂದು ಹೋಗ್ಯಾದ ನೋಡ್ರಿ ಅಕ್ಕಾ" ಅಂದಳು. ತಕ್ಷಣ, "ನಿಮಗ ಬೈಲಾಕ ಬಂದಿಲ್ರಿ ನಾ" ಅಂತಲೂ ಸೇರಿಸಿದಳು.

ಮಗಳು ನಮ್ಮಿಬ್ಬರ ನಡುವೆ ತೂರಿಕೊಂಡು ಆ ಪುಟದ ಮೇಲೆ ಬೆರಳಿಟ್ಟಳು. "ಅವ್ವಾ, ನಾ ಇದರಾಗ ಎಲ್ಲಿದೀನಿ?"

"ಇಲ್ಲೇ ಇದ್ದಿ."

"ಇಲ್ಲಿ ಏನೂ ಇಲ್ಲಲ್ಲ."

ಅವಳ ತಾಯಿ ನಕ್ಕಳು. ನನಗೆ ನಗಲಾಗಲಿಲ್ಲ.

ಯಾಕೆ ಅಂದರೆ ಆ ಫೋಟೋ ಎಂಥದ್ದು ಅಂತ ನನಗೆ ಗೊತ್ತು. ಕೊರೊನಾ ಕಾಲದ ಬಸುರಿ ಅವಳು. ದೇಶದ ಮೊದಲ ಕೊರೊನಾ ಸಾವು ನಮ್ಮ ಊರಲ್ಲೇ ಆಗಿತ್ತಲ್ಲ, 2020ರ ಮಾರ್ಚಿನಲ್ಲಿ. ಆ ಹೆದರಿಕೆ ಮರುವರ್ಷವೂ ಹೋಗಿರಲಿಲ್ಲ. ಸ್ಕ್ಯಾನಿಂಗ್‌ಗೆ ಹೋದಾಗ ಜೊತೆಗೆ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಗಂಡ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಇವಳು ಹೊರಗೆ ಬಂದು ಅಂಗೈಯಗಲದ ಆ ಕಾಗದ ಅವನ ಕೈಗಿಟ್ಟಳು. ಅವನು ಮಗಳನ್ನು ಮೊದಲ ಸಲ ನೋಡಿದ್ದು ಆ ಮರದ ಕೆಳಗೆ. ಇದೆಲ್ಲ ಪುಸ್ತಕ ಮಾಡಿಸುವಾಗ ಅವಳೇ ಹೇಳಿದ್ದು. "ಧೂಳ್ ಬೀಳಬಾರದು ಅಕ್ಕಾ, ಏನರ ಮಾಡ್ರಿ" ಅಂದಿದ್ದಳು. ಅದಕ್ಕೇ ನಾನು ಕವರ್ ಹಾಕಿದ್ದು.

ಅವಳನ್ನು ಕೂರಿಸಿ, ಪುಸ್ತಕ ಹಿಡಿದು, ಅದೇ ಬಿಸಿಲಲ್ಲಿ ಸೂಪರ್ ಮಾರ್ಕೆಟ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ನನ್ನ ಕಾರ್ಡುಗಳ ಪ್ರಿಂಟ್ ಎಲ್ಲ ಅಲ್ಲೇ. ಅಂಗಡಿಯ ಅಣ್ಣ ಕಾಗದವನ್ನು ಒಮ್ಮೆ ಮುಟ್ಟಿ ನೋಡಿ ಹೇಳಿದರು, "ಇದು ಬಸ್ ಟಿಕೆಟ್ ಕಾಗದಾನೇ ಅಲ್ಲೇನ್ರಿ."

ಜೇಬಿನಿಂದ ಬಸ್ ಟಿಕೆಟ್ ತೆಗೆದು ಉಗುರಿನಿಂದ ಜೋರಾಗಿ ಗೀಚಿದರು. ಗೀಚಿದಲ್ಲಿ ಕಪ್ಪು ಗೆರೆ ಬಂತು. ಮಸಿ ಇಲ್ಲ, ಪೆನ್ನಿಲ್ಲ. ಉಗುರು ತಿಕ್ಕಿದ ಬಿಸಿಗೇ ಬಂತು. ಈ ಕಾಗದದಲ್ಲಿ ಮಸಿ ಇರುವುದಿಲ್ಲವಂತೆ. ಮೇಲೆ ಒಂದು ಪದರ ಸವರಿರುತ್ತಾರೆ, ಮಶೀನು ಬಿಸಿ ಮುಟ್ಟಿಸಿದಲ್ಲೆಲ್ಲ ಅದು ಕಪ್ಪಾಗುತ್ತದೆ. ಬಂದ ಹಾಗೇ ಹೋಗುತ್ತದೆ ಕೂಡ. ಬೆಳಕು ಬಿದ್ದರೆ ಹೋಗುತ್ತದೆ, ಎಣ್ಣೆ ತಾಗಿದರೆ ಹೋಗುತ್ತದೆ, ಕೆಲವು ಅಂಟು ತಾಗಿದರೂ ಹೋಗುತ್ತದೆ. ಮತ್ತೆ ಈ ಮೆತ್ತನೆಯ ಪ್ಲಾಸ್ಟಿಕ್ ಕವರ್. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಅದಕ್ಕೆ ಸೇರಿಸುವ ಎಣ್ಣೆಯಂಥ ವಸ್ತು ನಿಧಾನಕ್ಕೆ ಹೊರಗೆ ಬಂದು ಚಿತ್ರವನ್ನು ತಿಂದುಬಿಡುತ್ತದೆ. ಸೆಕೆ ಜಾಸ್ತಿಯಾದಷ್ಟೂ ಬೇಗ. ಆ ಹುಡುಗಿಯ ಮನೆಯ ಅಲ್ಮಾರಿ ಇರುವುದು ಮೇಲಿನ ತಗಡಿನ ಕೋಣೆಯಲ್ಲಿ. ನಮ್ಮ ಊರಿನ ನಾಲ್ಕು ಬೇಸಿಗೆ.

"ಲ್ಯಾಮಿನೇಷನ್ ಮಾಡಿಸಿದ್ದರೆ ಉಳೀತಿತ್ತಾ?" ಅಂತ ಕೇಳಿದೆ.

"ಅಯ್ಯೋ, ಅದು ಬಿಸಿ ಮಶೀನ್ರಿ. ಒಳಗ ಹಾಕಿದ ಕೂಡ್ಲೇ ಪೂರ್ತಿ ಕರ್ರಗ ಆಗಿಬಿಡ್ತದ."

ಹಾಗಾದರೆ ದಾರಿ ಒಂದೇ. ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಬೇಕು, ಇಲ್ಲವೇ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಬೇಕು. ಪುಸ್ತಕದಲ್ಲಿ ಆ ಪ್ರತಿ ಅಂಟಿಸಬೇಕು. ಮೂಲ ಕಾಗದವನ್ನು ಸಾದಾ ಕಾಗದದ ಲಕೋಟೆಯಲ್ಲಿ ಕತ್ತಲಲ್ಲಿ, ತಂಪಿರುವ ಕಡೆ ಇಡಬೇಕು. ಎರಡು ರೂಪಾಯಿಯ ಕೆಲಸ. ಬಸ್ ಟಿಕೆಟ್ ಅಳಿಸಿಹೋಗುವುದನ್ನು ನಾನು ನೂರು ಸಲ ನೋಡಿದ್ದೇನೆ. ಎರಡೂ ಒಂದೇ ಕಾಗದ ಅಂತ ಒಮ್ಮೆಯೂ ಹೊಳೆಯಲಿಲ್ಲ. ಕಾಗದವೇ ನನ್ನ ಕೆಲಸ. 120 ಜಿಎಸ್‌ಎಂನ ತೆಳು ಕಾಗದ ಯಾವುದು, 300 ಜಿಎಸ್‌ಎಂನ ದಪ್ಪ ಕಾಗದ ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತೇನೆ. ಬೆಳ್ಳಿಹುಳ ತಿನ್ನುತ್ತದೆ ಅಂತ ಮೈದಾ ಅಂಟು ಬಿಟ್ಟು ಐದು ವರ್ಷವಾಯಿತು. ಅಷ್ಟೆಲ್ಲ ಕಾಳಜಿ ಮಾಡಿ, ಕಾಪಾಡಲಿ ಅಂತ ಹಾಕಿದ ಕವರ್ರೇ…

ಅಣ್ಣ ಆ ಕಾಗದವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕಪ್ಪು ಏರಿಸಿ ಏರಿಸಿ ನೋಡಿದರು. ಬೂದಿಯಂತೆ ಇದ್ದದ್ದು ಒಂದು ಬಾಗಿದ ಗೆರೆಯಾಯಿತು. ತಲೆಯೋ, ಬೆನ್ನೋ ಗೊತ್ತಾಗಲಿಲ್ಲ. ಆದರೂ ಒಂದು ಪ್ರಿಂಟ್ ಹಾಕಿಸಿದೆ. ದುಡ್ಡು ತೆಗೆದುಕೊಳ್ಳಲಿಲ್ಲ ಅವರು.

ವಾಪಸ್ ಬಂದರೆ ಅತ್ತೆ ಆ ಹುಡುಗಿಗೆ ಮಜ್ಜಿಗೆ ಕೊಟ್ಟು, ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂರನೇ ಪುಟ ನೋಡುತ್ತಿದ್ದರು. ಪುಟ್ಟಿ ತನ್ನ ಪಾದ ಎತ್ತಿ ಪುಟದ ಮೇಲಿನ ಪಾದಕ್ಕೆ ಹೋಲಿಸುತ್ತಿದ್ದಳು.

ಆ ಪಾದದ ಗುರುತಿನ ಕತೆ ಹೇಳಬೇಕು. ಆಗ ನಾನು ಅವರ ಮನೆಗೆ ಸ್ಟಾಂಪ್ ಪ್ಯಾಡ್ ಹಿಡಿದುಕೊಂಡು ಹೋಗಿದ್ದೆ. ಅಂಗೈ ಗುರುತು ಬೇಕು ಅಂತ ಅವಳ ಆಸೆ. ಹುಟ್ಟಿದ ಕೂಸಿನ ಅಂಗೈ ಗುರುತು ತೆಗೆಯುವುದು ಬಹಳ ಕಷ್ಟ. ಅಂಗೈಗೆ ಏನು ತಾಗಿದರೂ ಮುಷ್ಟಿ ಕಟ್ಟಿಬಿಡುತ್ತವೆ. ಕಾಗದವನ್ನೂ ಹಿಡಿದುಕೊಳ್ಳುತ್ತವೆ, ನಮ್ಮ ಬೆರಳನ್ನೂ ಹಿಡಿದುಕೊಳ್ಳುತ್ತವೆ. ಅದು ಹುಟ್ಟುಗುಣ, ಐದಾರು ತಿಂಗಳಿಗೆ ತಾನೇ ಹೋಗುತ್ತದೆ. ಹಾಗಾಗಿ ನಾನು ಪಾದವನ್ನೇ ಕೇಳುತ್ತೇನೆ. ಆದರೆ ಸ್ಟಾಂಪ್ ಪ್ಯಾಡಿನ ನೀಲಿ ಬಣ್ಣ ಕೂಸಿನ ಕಾಲಿಗೆ ಹಚ್ಚುತ್ತೇನೆ ಅಂದಾಗ ಅವಳ ಅತ್ತೆ ಅಡ್ಡ ಬಂದರು. "ಅಂಗಡಿ ಬಣ್ಣ ನಮ್ಮ ಕೂಸಿಗಿ ಬ್ಯಾಡ" ಅಂದು ಒಳಗೆ ಹೋಗಿ, ಮನೆಯಲ್ಲೇ ಮಾಡಿದ ಕಾಡಿಗೆ ತಂದರು. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಹಿಡಿದ ಮಸಿ. ಅದನ್ನೇ ಪಾದಕ್ಕೆ ತೆಳ್ಳಗೆ ಸವರಿ ಒತ್ತಿದೆವು. ನನ್ನ ತೋರುಬೆರಳಿನಷ್ಟು ಉದ್ದದ ಪಾದ. ಆಗ ಒಳಗೊಳಗೆ ನನಗೆ ಬೇಸರ. ಎಣ್ಣೆ ಕಾಗದಕ್ಕೆ ಹಬ್ಬುತ್ತದೆ, ಅಂದ ಕೆಡುತ್ತದೆ ಅಂತ.

ಎಣ್ಣೆ ಹಬ್ಬಿದೆ, ನಿಜ. ಪಾದದ ಸುತ್ತ ಹಳದಿ ಅಂಚು ಇದೆ. ಆದರೆ ಪಾದ ಮಾತ್ರ ನಿನ್ನೆ ಒತ್ತಿದ ಹಾಗೆ ಕಪ್ಪಾಗಿದೆ. ಐದೂ ಬೆರಳು. ಹಿಮ್ಮಡಿಯ ಗೆರೆ ಕೂಡ. ಮಸಿ ಅಂದರೆ ಇದ್ದಿಲಿನ ಜಾತಿ, ಬೆಳಕಿಗೂ ಸೆಕೆಗೂ ಅದು ಜಗ್ಗುವುದಿಲ್ಲ. ಆ ಅಜ್ಜಿ ಹೋದ ವರ್ಷ ತೀರಿಕೊಂಡರು ಅಂತ ಇವತ್ತು ಗೊತ್ತಾಯಿತು.

ನಮ್ಮತ್ತೆ ಆ ಪಾದದ ಮೇಲೆ ಬೆರಳಾಡಿಸುತ್ತಾ ಅಂದರು, "ನಿನ್ನ ಗಂಡ ಹುಟ್ಟಿದಾಗ ಫೋಟೋ ಎಲ್ಲಿಂದ ಬರಬೇಕು? ನಮ್ಮಪ್ಪ ಪಂಚಾಂಗದ ಅಂಚಿನಾಗ ಬರದಿಟ್ಟಿದ್ದ. ದಿನ, ಹೊತ್ತು, ಗಂಡು. ಮೂರೇ ಮಾತು." ಆ ಪಂಚಾಂಗ ಎಲ್ಲಿದೆ ಅಂತ ಕೇಳಿದೆ. "ಅದಾ ಎಲ್ಲೋ ಟ್ರಂಕಿನಾಗ" ಅಂದರು. ಇವತ್ತಿನವರೆಗೆ ನನಗೆ ಹೇಳಿರಲಿಲ್ಲ. ನಾಳೆ ಹುಡುಕಬೇಕು.

ಹೊಸ ಪುಸ್ತಕಕ್ಕೆ ದುಡ್ಡು ಬೇಡ ಅಂದೆ. ಅವಳು ಒಪ್ಪಲಿಲ್ಲ. ಅರ್ಧಕ್ಕೆ ಒಪ್ಪಿದಳು. ತೊಟ್ಟಿಲ ಮೇಲೆ ಕಟ್ಟಲು ಕಾಗದದ ಗಿಳಿಗಳೂ ಬೇಕಂತೆ. ಹುಟ್ಟಿದ ಕೂಸಿಗೆ ಒಂದು ಗೇಣಿನಷ್ಟು ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ, 20ರಿಂದ 30 ಸೆಂಟಿಮೀಟರ್. ಅದೂ ಕಪ್ಪು ಬಿಳುಪು ಎದ್ದು ಕಾಣುತ್ತದೆ. ಹಸಿರು ಗಿಳಿ ನಮ್ಮ ಸಂತೋಷಕ್ಕೆ ಅಷ್ಟೇ. ಕಪ್ಪು ಬಿಳುಪು ಗಿಳಿ ಮಾಡಲಾ ಅಂದರೆ ನಮ್ಮತ್ತೆ, "ತೊಟ್ಟಿಲ ಮ್ಯಾಲ ಕರೀದು ಬ್ಯಾಡವ್ವ" ಅಂದರು. ಅವಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೊನೆಗೆ ಬಿಳಿ ಗಿಳಿಗೆ ಕಡುಗೆಂಪು ಪಟ್ಟೆ ಅಂತ ಆಯಿತು. ಮಣಿ ಬೇಡ, ಮಿಂಚಿನ ಪುಡಿ ಬೇಡ, ಕೈಗೆ ಎಟುಕದಷ್ಟು ಎತ್ತರ. ಐದನೇ ತಿಂಗಳಿಗೆ ಬಿಚ್ಚಿಡಬೇಕು ಅಂತ ಲಕೋಟೆಯ ಮೇಲೆ ದೊಡ್ಡದಾಗಿ ಬರೆದುಕೊಡುತ್ತೇನೆ. ಕೂಸುಗಳು ಎದೆಯೆತ್ತಿ ಎಳೆಯಲು ಶುರು ಮಾಡಿದವು ಅಂದರೆ ದಾರ ಅಪಾಯ.

ಅವರು ಹೋದ ಮೇಲೆ ನನ್ನ ವಹಿ ತೆಗೆದೆ. ಈ ಕವರ್ ಹಾಕಿದ ಪುಸ್ತಕಗಳು 41. ಸಂಜೆ ಒಬ್ಬೊಬ್ಬರಿಗೇ ಫೋನ್ ಮಾಡಲು ಕುಳಿತೆ. ಅಡುಗೆ ಅತ್ತೆಯೇ ಮಾಡಿದರು.

ಹನ್ನೊಂದು ಜನ ಸಿಕ್ಕರು. ಏಳು ಮನೆಯಲ್ಲಿ ಫೋಟೋ ಚೆನ್ನಾಗಿದೆ. ಮೂರು ಕಡೆ ಮಂಕಾಗಿದೆ, ಆದರೆ ಕಾಣುತ್ತದೆ. ಒಬ್ಬರಂತೂ ಸ್ಕ್ಯಾನಿಂಗ್ ಆದ ದಿನವೇ ಮೊಬೈಲಿನಲ್ಲಿ ತೆಗೆದಿಟ್ಟಿದ್ದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಹನ್ನೊಂದನೆಯ ಫೋನ್ ಬೀದರಿಗೆ. ವಿಷಯ ಹೇಳಿದೆ. ಪುಸ್ತಕ ತೆಗೆದು ನೋಡಿ ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ನಾ ತೆಗಿಯಂಗಿಲ್ಲ ಅಕ್ಕಾ" ಅಂದರು. ಫೋನ್ ಇಟ್ಟರು.

ನಾನು ವಹಿಯಲ್ಲಿ ಅವರ ಸಾಲು ನೋಡಿದೆ. ಪುಸ್ತಕ ಕೊಟ್ಟಿದ್ದು ಕೂಸು ಹುಟ್ಟುವ ಮೊದಲು. ಹೆಸರು, ತೂಕ, ಪಾದ ಎಲ್ಲ ಆಮೇಲೆ ತುಂಬಿಕೊಳ್ಳುತ್ತೇವೆ ಅಂತ ಒಯ್ದಿದ್ದರು. ಆ ಪುಸ್ತಕದಲ್ಲಿ ಆಗ ಇದ್ದದ್ದು ಎರಡನೇ ಪುಟ ಒಂದೇ.

ಮತ್ತೆ ಫೋನ್ ಮಾಡಲಾ? ಮಾಡಬಾರದಾ? ಆ ಕವರ್ ಅಲ್ಲೂ ಇದೆ. ಬೀದರಿನಲ್ಲೂ ಇದೇ ಬೇಸಿಗೆ. ಅವರು ತೆಗೆಯದಿದ್ದರೂ ಅದು ಇವತ್ತು ರಾತ್ರಿಯೂ ಅದರ ಕೆಲಸ ಮಾಡುತ್ತಲೇ ಇರುತ್ತದೆ. ಅತ್ತೆಯನ್ನು ಕೇಳಿದೆ. ಅವರು ಏನೂ ಹೇಳದೆ ನನ್ನ ಪಕ್ಕ ಕುಳಿತು ಹೂವಿನ ದಳ ಕತ್ತರಿಸತೊಡಗಿದರು.

ಹೂ 22 ಆಗಿವೆ, ಇನ್ನೂ 38.

ಶಹಾಬಜಾರದ ಹುಡುಗಿ ಈಗ ಮೆಸೇಜ್ ಮಾಡಿದ್ದಾಳೆ. ಆ ದಿನ ಬೇವಿನ ಮರದ ಕೆಳಗೆ ನಿಂತೇ ಅವಳ ಗಂಡ ಸೇಡಂನಲ್ಲಿರುವ ಅವರ ಮಾವನಿಗೆ ಫೋಟೋ ಕಳಿಸಿದ್ದನಂತೆ, ಈಗ ನೆನಪಾಯಿತಂತೆ. ಆ ಮಾವ ಮೊಬೈಲಿನಿಂದ ಏನನ್ನೂ ಅಳಿಸುವವರಲ್ಲವಂತೆ. ಅವರು ಮಲಗಿಬಿಟ್ಟಿದ್ದಾರೆ, ಬೆಳಿಗ್ಗೆ ಕೇಳುತ್ತಾಳೆ. ಸಿಕ್ಕರೆ ಎರಡು ಪ್ರಿಂಟ್ ಹಾಕಿಸಬೇಕು, ಒಂದು ಪುಸ್ತಕಕ್ಕೆ, ಇನ್ನೊಂದು ಪುಟ್ಟಿಯ ಕೈಗೆ. ಮತ್ತೆ ಬೀದರಿನ ಅವರಿಗೆ ಫೋನ್ ಬೇಡ, ಒಂದು ಕಾಗದವೇ ಬರೆದರೆ, ಪ್ಲಾಸ್ಟಿಕ್ ಮಾತು ಮೊದಲು ಬರೆಯದೆ, ಸುಮ್ನೆ ಹೇಗಿದ್ದೀರಿ ಅಂತ ಶುರು ಮಾಡಿ