ಹಿಂದೆ ಕೂತವರಿಗೂ ಒಂದು ಪಾಠ

ಹಳ್ಳಿಯ ಹದಿಹರೆಯದ ಮಕ್ಕಳಿಗೆ ರಸ್ತೆ ಸುರಕ್ಷತೆ ಕಲಿಸುವುದು ನನ್ನ ಕೆಲಸ. ಅವರಲ್ಲೇ ಕೆಲವರನ್ನು ತಯಾರು ಮಾಡಿ, ಗೆಳೆಯರಿಗೆ ಅವರಿಂದಲೇ ಹೇಳಿಸುತ್ತೇನೆ.

ಮೊದಮೊದಲು ಶಿಕ್ಷಕರು ಮುಂದಿನ ಬೆಂಚಿನ ಮಕ್ಕಳನ್ನೇ ಆರಿಸಿ ಕಳಿಸುತ್ತಿದ್ದರು. ನಾನೂ ಖುಷಿಯಿಂದ ಒಪ್ಪಿಕೊಳ್ಳುತ್ತಿದ್ದೆ. ಚೆನ್ನಾಗಿ ಮಾತಾಡುತ್ತಿದ್ದರು, ಚಾರ್ಟ್ ಅಂದವಾಗಿ ಬರೆಯುತ್ತಿದ್ದರು. ಆದರೆ ಬೈಕ್ ಓಡಿಸುವ ಹುಡುಗರು ಅವರ ಮಾತು ಕೇಳಬೇಕಲ್ವಾ? ಇನ್ನೊಂದು ಊರಿನಲ್ಲಿ, "ಬೈಕಲ್ಲಿ ಹೋಗುವಾಗ ಯಾರು ಹೇಳಿದರೆ ಕೇಳುತ್ತೀರಿ?" ಅಂತ ಚೀಟಿ ಬರೆಸಿದೆ. ಜಾಸ್ತಿ ಚೀಟಿಯಲ್ಲಿದ್ದದ್ದು ತರಗತಿಗೆ ನೆಟ್ಟಗೆ ಬಾರದ ಒಬ್ಬ ಹುಡುಗನ ಹೆಸರು. ಅವನನ್ನೇ ಕರೆದೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡ್ ಮೊಬೈಲ್ ನೋಡಿದರೆ 33 ಮೀಟರ್. ಇದನ್ನು ನಾನು ಬೋರ್ಡಿನ ಮೇಲೆ ಬರೆದಾಗ ಎಲ್ಲರೂ ಆಕಳಿಸಿದ್ದರು. ಅವನು ಮೈದಾನದಲ್ಲಿ ಅಷ್ಟುದ್ದ ಹಗ್ಗ ಹಾಸಿದ. ಒಬ್ಬನಿಗೆ ಕಣ್ಣು ಕಟ್ಟಿ, "ಆ ತುದಿವರೆಗೂ ಓಡು" ಅಂದ. ಓಡುವುದಿರಲಿ, ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಆ ಹುಡುಗ ಕೈ ಮುಂದೆ ಚಾಚಿ ನಿಂತುಬಿಟ್ಟ. ಯಾರೂ ನಗಲಿಲ್ಲ.

ಹದಿಹರೆಯದವರು ಕಾರು ಓಡಿಸುವಾಗ ಅದೇ ವಯಸ್ಸಿನ ಗೆಳೆಯರು ಜೊತೆಗಿದ್ದರೆ ಅಪಾಯ ಹೆಚ್ಚುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಬೈಕಿನ ಕಥೆಯೂ ಬೇರೆ ಇರಲಾರದು ಅನ್ನಿಸಿತು. ಹಾಗಾಗಿ ಓಡಿಸುವವರನ್ನು ಬಿಟ್ಟು ಹಿಂದೆ ಕೂರುವವರ ಕಡೆ ತಿರುಗಿದೆ. "ಜೋರಾಗಿ ಹೋಗಬೇಡ" ಅಂದರೆ ಪುಕ್ಕಲ ಅಂತ ಹೆಸರು ಬರುತ್ತದೆ. ಏನು ಹೇಳಬಹುದು ಅಂತ ಮಕ್ಕಳೇ ಯೋಚಿಸಿದರು. "ಹೊಟ್ಟೆ ತೊಳಸ್ತಿದೆ ಕಣೋ, ನಿಧಾನ" ಅನ್ನುವುದು ಎಲ್ಲರಿಗೂ ಹಿಡಿಸಿತು. ಒಬ್ಬ ಹುಡುಗಿ ಮಾತ್ರ, "ಸುಮ್ನೆ ಸುಳ್ಳು ಯಾಕೆ? ಇಲ್ಲೇ ಇಳಿಸು, ನಡ್ಕೊಂಡು ಬರ್ತೀನಿ ಅಂತೀನಿ" ಅಂದಳು. ನನಗೆ ಅವಳ ಮಾತೇ ಇಷ್ಟವಾಯಿತು. ಆದರೆ ಬೆಂಚಿನ ಮೇಲೆ ಹಿಂದೆ ಮುಂದೆ ಕೂತು ಅಭ್ಯಾಸ ಮಾಡುವಾಗ ಹೊಟ್ಟೆ ತೊಳಸುವವರೇ ಜಾಸ್ತಿ ಇದ್ದರು. ಇರಲಿ, ಗಾಡಿ ನಿಧಾನವಾದರೆ ಸಾಕು.

ಹೆಲ್ಮೆಟ್ ಪಾಠ ಇಷ್ಟು ಸಲೀಸಾಗಿ ಮುಗಿಯಲಿಲ್ಲ. ಅಪಘಾತವಾದಾಗ ತಲೆಗೆ ಪೆಟ್ಟಾಗುವ ಅಪಾಯವನ್ನು ಅದು ಸುಮಾರು ಶೇ 69ರಷ್ಟು ತಗ್ಗಿಸುತ್ತದೆ ಅಂದೆ. ಆಸ್ಪತ್ರೆ ದೂರವಿರುವ ಕಡೆ ಅದು ಇನ್ನೂ ಮುಖ್ಯ ಅಂದೆ. ಅವತ್ತು ಹಗ್ಗ ಹಾಸಿದ್ದ ಹುಡುಗ ಕೈ ಎತ್ತಿದ.

"ಮನೇಲಿ ಇರೋದು ಒಂದೇ ಹೆಲ್ಮೆಟ್. ಇಬ್ರು ಹೋಗುವಾಗ ಯಾರು ಹಾಕ್ಕೋಬೇಕು ಸಾರ್?"

"ಇಬ್ಬರು ಹೋಗಬೇಡಿ" ಅಂದೆ.

"ಹಾಗಾದ್ರೆ ಬಸ್ ಎಷ್ಟೊತ್ತಿಗಿದೆ, ನೀವೇ ಹೇಳಿ" ಅಂದ.