ಮಕ್ಕಳು ಲೆಕ್ಕ ಹಿಡಿದು ಬಂದಾಗ

‘ಶೌಚಾಲಯ ಸರಿಯಿಲ್ಲ’ ಎಂದು ಮಕ್ಕಳು ಹೇಳಿದರೆ ದೊಡ್ಡವರು ತಲೆಯಾಡಿಸಿ ಮರೆಯುತ್ತಾರೆ. ಅದೇ ಮಕ್ಕಳು ಎರಡು ವಾರ, ದಿನಕ್ಕೆ ಮೂರು ಹೊತ್ತು ನೋಡಿ, ಯಾವ ನಲ್ಲಿಯಲ್ಲಿ ನೀರಿರಲಿಲ್ಲ, ಯಾವ ಬಾಗಿಲಿಗೆ ಚಿಲಕವಿರಲಿಲ್ಲ ಎಂದು ತಾರೀಖು ಹಾಕಿ ಬರೆದು ತಂದರೆ ಅಲ್ಲಗಳೆಯುವುದು ಕಷ್ಟ.

ಹೀಗೆ ಶಾಲೆಯ ಕೊರತೆಗಳನ್ನು ಎಣಿಸಲು ಹೊರಡುವ ಮಕ್ಕಳ ತಂಡಗಳಲ್ಲಿ ಹೆಚ್ಚಿನವು ಎಡವುವುದು ಪ್ರಶ್ನೆಯಲ್ಲೇ. ‘ನಮ್ಮ ಶಾಲೆ ಹೇಗಿದೆ?’ ಎಂಬುದನ್ನು ಅಳೆಯಲಾಗದು. ‘ಊಟದ ಬಿಡುವಿನಲ್ಲಿ ಕುಡಿಯುವ ನೀರಿಗೆ ಎಷ್ಟು ನಿಮಿಷ ಕಾಯಬೇಕು?’ ಎಂದರೆ ಒಂದು ಗಡಿಯಾರ ಸಾಕು. ಸಮೀಕ್ಷೆಗೆ 8-10 ಪ್ರಶ್ನೆಗಳಿರಲಿ, ಮೊದಲು ಐದಾರು ಜನರಿಗೆ ಕೊಟ್ಟು ನೋಡಿ. ‘ಕೊಳಕಾಗಿದೆ ಅಲ್ಲವೇ?’ ಎಂದು ಕೇಳಿದರೆ ಉತ್ತರವನ್ನೂ ನೀವೇ ಬರೆದಂತೆ. ಗೆಳೆಯರನ್ನಷ್ಟೇ ಕೇಳಬೇಡಿ, ಹಾಜರಿ ಪುಸ್ತಕದ ಪ್ರತಿ ಐದನೆಯ ಹೆಸರನ್ನು ಆರಿಸಿ. ಉತ್ತರದ ಹಾಳೆಯಲ್ಲಿ ಹೆಸರು ಬರೆಸಬೇಡಿ. ಕೈಬರಹದಿಂದಲೂ ಗುರುತು ಸಿಗುತ್ತದೆ, ಆದ್ದರಿಂದ ಟಿಕ್ ಹಾಕಿಸುವುದೇ ಒಳ್ಳೆಯದು.

ಈ ಲೆಕ್ಕವನ್ನು ಮುಂದಿಟ್ಟು ಕೊಡುವ ಮನವಿ ಒಂದೇ ಪುಟ, ಬೇಡಿಕೆ ಒಂದೇ. ಹಣ ಮಂಜೂರು ಮಾಡುವ ಅಧಿಕಾರ ಯಾರಿಗಿದೆಯೋ ಅವರಿಗೇ, ಬಜೆಟ್ ಸಿದ್ಧವಾಗುವ ಮೊದಲೇ ತಲುಪಲಿ. ತಲುಪಿದ್ದಕ್ಕೆ ಸಹಿ ಪಡೆಯಿರಿ, ಉತ್ತರದ ದಿನಾಂಕ ಕೇಳಿ.

ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಕ್ಕಳಿಗೆ ಕೊಟ್ಟಿದೆ. ಆದರೂ ವಿಷಯವನ್ನು ದೊಡ್ಡವರು ಆರಿಸಿ, ಮಕ್ಕಳ ಕೈಗೆ ಫಲಕ ಕೊಡುವುದನ್ನು ಕಂಡರೆ ನೋವಾಗುತ್ತದೆ. ಮಕ್ಕಳು ಎಷ್ಟರ ಮಟ್ಟಿಗೆ ನಿಜವಾಗಿ ಭಾಗವಹಿಸುತ್ತಾರೆ ಎಂದು ತೋರಿಸಲು ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ವಿವರಿಸಿದ 8 ಮೆಟ್ಟಿಲುಗಳ ಏಣಿಯಲ್ಲಿ ಕೆಳಗಿನ ಮೂರು ಭಾಗವಹಿಸುವಿಕೆಯೇ ಅಲ್ಲ. ಹೀಗೆ ಫಲಕ ಹಿಡಿಸುವುದು ಆ ಮೂರರಲ್ಲೇ ಬರುತ್ತದೆ.

ದುರಸ್ತಿಯಾದ ತಿಂಗಳ ನಂತರ ಅದೇ ನಮೂನೆ, ಅದೇ ಹೊತ್ತುಗಳಲ್ಲಿ ಮತ್ತೆ ಎಣಿಸಿ. ಚಿಲಕಗಳು ಬೇಗ ಕಿತ್ತುಹೋಗುತ್ತವೆ.